ಪದದ ನಡುವೆ ಹಾಡಿದ ಮಂಗಳ

ಆನೇಮಹಲ್
ಅಕ್ಟೋಬರ್ ೧೯೬೫

ನನ್ನ ತಾಹಿರಾ,

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಕ್ಷೇಮ ಎಂಬ ಮಾತನ್ನು ಬರೆಯಲು ಮಾತ್ರ ಕೈ ಬರುತ್ತಿಲ್ಲ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಚಿಕ್ಕಮಗಳೂರಿನ ಮನೆ, ನಿನ್ನ ಅತ್ತೆಯ ಮಂಡಿನೋವು, ಮಗುವಿಗೆ ಹಲ್ಲು ಬಂದದ್ದು ಎಲ್ಲವನ್ನೂ ಬರೆದು, ಕೊನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡವಾಗಿ ಕೇಳಿದ್ದೆ: "ಈ ಸಲ ಗಣಪತಿ ಪೆಂಡಾಲಿನಲ್ಲಿ ಅಬ್ಬಾನ ಪದ ಹೇಗಾಯಿತೇ? ಜನ ಮೊದಲಿನ ಹಾಗೇ ನಕ್ಕರಾ? ಅಬ್ಬಾ ಏನೂ ಬರೆಯುತ್ತಿಲ್ಲ."

ಉತ್ತರ ಬರೆಯಲು ಕುಳಿತಾಗಲೆಲ್ಲ ಕಾಫಿ ಹಣ್ಣಾದ ಸುದ್ದಿ, ಬಸ್ಸಿನ ಸುದ್ದಿ ಬರೆದು ಹರಿದು ಹಾಕಿದ್ದೇನೆ. ನಿನ್ನ ಅಬ್ಬಾ ಹಾಡುವುದನ್ನು ಬಿಟ್ಟಿದ್ದಾರೆ ತಾಹಿರಾ. ಯುದ್ಧ ಬಂತಲ್ಲ, ಅದಕ್ಕೆ ಬಿಟ್ಟರು ಎಂದು ಊರಿನವರು ಹೇಳುತ್ತಾರೆ. ಯುದ್ಧ ಎಲ್ಲೋ ದೂರದಲ್ಲಿ ನಡೆಯಿತು. ಇಲ್ಲಿ, ಸಕಲೇಶಪುರದ ಪೇಟೆಯ ಪೆಂಡಾಲಿನಲ್ಲಿ, ಅವರ ಪದವನ್ನು ನಡುವಿನಲ್ಲೇ ನಿಲ್ಲಿಸಿದ್ದು ನನ್ನ ದನಿ. ಅದನ್ನು ಬೇರೆಯವರ ಬಾಯಿಂದ ನೀನು ತಿಳಿಯಬಾರದು. ಇನ್ನೂ ಒಂದಿದೆ. ಒಂದು ಕೆಲಸಕ್ಕೆ ನಿನ್ನನ್ನು ಕರೆಯಬೇಕಾಗಿದೆ. ಕರೆಯುವ ಮುಖ ನನಗಿದೆಯೋ ಇಲ್ಲವೋ, ಎಲ್ಲ ಓದಿ ನೀನೇ ಹೇಳು.

ನಾನು ಬಾಯಿ ಬಿಡುವವಳಲ್ಲ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೈಸ್ಕೂಲಿನಲ್ಲಿ ಮೇಷ್ಟರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದೂ ಡೆಸ್ಕಿನ ಮೇಲಿನ ಮಸಿಕಲೆ ನೋಡುತ್ತ ಕೂರುತ್ತಿದ್ದೆ. ನೀನು ಪಕ್ಕದಿಂದ ತೊಡೆಗೆ ಚಿವುಟುತ್ತಿದ್ದೆ. ಅಯ್ಯೋ ಎಂದು ಎದ್ದುಬಿಡುತ್ತಿದ್ದೆ. ಎದ್ದ ಮೇಲೆ ಉತ್ತರ ಹೇಳದೆ ವಿಧಿಯಿರಲಿಲ್ಲ. ಕನ್ನಡದಲ್ಲಿ ನಾನು ಮೊದಲನೆಯವಳಾದದ್ದರಲ್ಲಿ ಅರ್ಧ ಪಾಲು ನಿನ್ನ ಉಗುರಿನದು. ಮೈಸೂರಿನಲ್ಲಿ ಬಿ.ಎ. ಓದುವಾಗ ಪಕ್ಕದಲ್ಲಿ ಚಿವುಟುವವರಿರಲಿಲ್ಲ. ಅಲ್ಲಿ ಎಲ್ಲವನ್ನೂ ಓದಿದೆ, ಎಲ್ಲರನ್ನೂ ನೋಡಿದೆ, ಯಾರಿಗೂ ಏನೂ ಹೇಳಲಿಲ್ಲ. ಪದವಿ ತೆಗೆದುಕೊಂಡು ಬಂದು ಮತ್ತೆ ಇಲ್ಲೇ ಅಪ್ಪ ಲೆಕ್ಕ ಬರೆಯುವ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಕಿಟಕಿ ಪಕ್ಕ ಕೂತೆ. "ರೈಟರ್ ಮಹಾದೇವಯ್ಯನ ಮಗಳು ಓದ್ಕಂಡ್ ಬಂದು ಇನ್ನೂ ಮೂಕಿ ಆಗ್ಬುಟ್ಟವ್ಳೆ" ಎಂದು ಕೂಲಿ ಲೈನಿನ ಹೆಂಗಸರು ನಗುತ್ತಿದ್ದರು.

ಅಂಥ ನನಗೂ ಪೆಂಡಾಲಿನಲ್ಲಿ ಒಂದು ಕೆಲಸವಿತ್ತು, ಮಂಗಳ ಹಾಡುವುದು. ನಿನಗೆ ನೆನಪಿರಬೇಕು, ಅದನ್ನು ನಾನು ಒಪ್ಪಿಕೊಂಡದ್ದೇ ನನ್ನ ಪುಕ್ಕಲುತನದಿಂದ. ಬೇರೆ ಯಾವ ಹಾಡಾದರೂ ಕೊನೆಯವರೆಗೆ ಒಬ್ಬಳೇ ಹಾಡಬೇಕು. ಮಂಗಳವಾದರೆ ಮೊದಲ ಸಾಲು ಮಾತ್ರ ನನ್ನದು. ಎರಡನೆಯದಕ್ಕೆ ಪೆಂಡಾಲಿಗೆ ಪೆಂಡಾಲೇ ಎದ್ದು ನಿಂತು ಸೇರಿಕೊಳ್ಳುತ್ತದೆ, ನನ್ನ ದನಿ ಅದರೊಳಗೆ ಮುಳುಗಿ ಅಡಗುತ್ತದೆ. ಮಂಗಳ ಶುರುವಾದರೆ ಯಾರೂ ಕೂತಿರುವಂತಿಲ್ಲ. ಅದಾದ ಮೇಲೆ ಯಾರೂ ಹಾಡುವಂತಿಲ್ಲ. ಎಂಥ ವಿದ್ವಾಂಸರೇ ಬರಲಿ, ಮಂಗಳವಾಯಿತೆಂದರೆ ಚಪ್ಪಲಿ ಹುಡುಕಿಕೊಂಡು ಮನೆಗೆ. ಚಿಕ್ಕವರಿದ್ದಾಗ ನೀನು ನನ್ನನ್ನು "ಬೀಗದ ಕೈ" ಎಂದು ಕರೆಯುತ್ತಿದ್ದೆ. "ನೀನು ಬಾಯಿ ತೆರೆದ್ಯೋ, ಬಾಗಿಲು ಮುಚ್ಚಿತು" ಎಂದು ನಗುತ್ತಿದ್ದೆ. ಈಗ ಆ ಮಾತು ನೆನಪಾದರೆ ಮೈ ಕುಗ್ಗುತ್ತದೆ.

ನಿನ್ನ ಅಬ್ಬಾನ ಪದ ನಮ್ಮ ಬಾಲ್ಯದ ಹಬ್ಬ. ಪಿಟೀಲು, ಕೊಳಲು, ದೇವರನಾಮ ಎಲ್ಲ ಮುಗಿಯುವವರೆಗೆ ನಾವಿಬ್ಬರೂ ಹೆಂಗಸರ ಚಾಪೆಯ ತುದಿಯಲ್ಲಿ ತೂಕಡಿಸುತ್ತಿದ್ದೆವು. ನಿನ್ನ ಅಬ್ಬಾ, ನನ್ನ ಇಸ್ಮಾಯಿಲ್ ಮಾಮ, ಚರ್ಮ ಬಿಗಿದ ದಪ್ಪು ಹಿಡಿದು ಮೆಟ್ಟಿಲು ಹತ್ತಿದ ಕೂಡಲೇ ಎಚ್ಚರ. ಬರ್ಮಾ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದ ಕಾಲದ ಖಾಕಿ ಅಂಗಿ, ಮೇಲೆ ನಿನ್ನ ಅಮ್ಮಿ ಇಸ್ತ್ರಿ ಮಾಡಿಕೊಟ್ಟ ಬಿಳಿ ಕರವಸ್ತ್ರ. ಎಡಗೈಯಲ್ಲಿ ಎರಡು ಬೆರಳಿಲ್ಲದ್ದರಿಂದ ಅವರ ಪೆಟ್ಟು ಕುಂಟುತ್ತಿತ್ತು. ಒಂದು ಪೆಟ್ಟು ಸರಿಯಾಗಿ, ಇನ್ನೊಂದು ಸ್ವಲ್ಪ ತಡವಾಗಿ. ಆ ಕುಂಟು ಕೇಳಿದರೇ ಜನಕ್ಕೆ ನಗು ಬರುತ್ತಿತ್ತು. "ಬರ್ಮಾದಾಗೆ ಶತ್ರು ತಗೊಂಡ್ನಾ ಬೆರಳ್ನ?" ಎಂದು ಯಾರಾದರೂ ಕೂಗುವರು. "ಇಲ್ಲ ಸ್ವಾಮಿ, ನನ್ ಲಾರಿ ಫ್ಯಾನ್ ಬೆಲ್ಟೇ ತಗಂಡ್ಬುಡ್ತು. ಶತ್ರುನ ನಾನು ನೋಡೇ ಇಲ್ಲ. ಅವನೂ ನನ್ನಂಗೇ ಎಲ್ಲೋ ಲಾರಿ ರಿಪೇರಿ ಮಾಡ್ತಾ ಇದ್ದ" ಎನ್ನುವರು. ಆಮೇಲೆ ಪದ.

ಬರ್ಮಾ ದೇಶದ ಕಾಡಿನಾಗೆ
ಬಂತಪ್ಪ ಒಂದು ಅರ್ಜೆಂಟ್ ತಂತಿ,
ಕರ್ನಲ್ ಸಾಹೇಬ್ರ ಉಪ್ಪಿನಕಾಯಿ
ಖರ್ಚಾಗೈತೆ, ಕಳ್ಸಿ ಅಂತಿ!

ಮುಂದಕೆ ಹೋದೋನ್ ಹಿಂದಕೆ ಬರ್ನಿಲ್ಲ,
ಹಿಂದೆ ಕುಂತೋನ್ಗೆ ಬಿಲ್ಲೆ ಬಂತು,
ಹೇಸರಗತ್ತೆಗು ಒಂದು ಬಿಲ್ಲೆ,
ಹೊತ್ತ ಆಳಿಗೆ ಚೀಟಿ ಬಂತು!

ಪ್ರತಿ ನುಡಿ ಮುಗಿದಾಗ ದಪ್ಪನ್ನು ತಲೆಯ ಮೇಲೆತ್ತಿ ಕೇಳುವರು: "ಗೆದ್ದೋರ್ಯಾರಣ್ಣ, ಗೆದ್ದೋರ್ಯಾರು?" ಆ ಸಾಲಿನ ಜೋಡಿ ಸಾಲು ಅವರದಲ್ಲ, ಜನರದು. ಗಂಡಸರು, ಹೆಂಗಸರು, ಕಂಬ ಹಿಡಿದು ನಿಂತವರು ಎಲ್ಲರೂ ಒಟ್ಟಿಗೆ: "ಬೂಟು ಮಾರಿದ ಸಾವ್ಕಾರು!" ಆಗ ಎಲ್ಲರ ಕಣ್ಣೂ ಮುಂದಿನ ಸಾಲಿಗೆ ಹೋಗುತ್ತಿತ್ತು. ಅಲ್ಲಿ ಸಮಿತಿಯ ಅಧ್ಯಕ್ಷ, ಕಾಫಿ ವ್ಯಾಪಾರದ ಪುಟ್ಟಸ್ವಾಮಣ್ಣ ಕೂತು, ಎಲ್ಲರಿಗಿಂತ ಜೋರಾಗಿ ನಕ್ಕು, ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ನಾನು ಬೂಟು ಮಾರಲ್ಲ ಕಣೋ ಮಾರಾಯ, ಕಾಫಿ ಮಾರೋದು!" ಎಂದು ಅವರು ಕೂಗುವುದೂ ಪದದ ಒಂದು ಭಾಗವೇ ಆಗಿಹೋಗಿತ್ತು. ಹೆಂಗಸರ ಕಡೆ ಎಲ್ಲರಿಗಿಂತ ಎತ್ತರದ ದನಿ ನಮ್ಮ ಲೈನಿನ ಮಾದಮ್ಮನದು. ನಾನು ಮಾತ್ರ ಆ ಉತ್ತರವನ್ನು ಒಂದು ಸಲವೂ ಕೂಗಿದವಳಲ್ಲ. ತುಟಿ ಆಡಿಸುತ್ತಿದ್ದೆ, ಅಷ್ಟೆ. ನೀನು ಅದನ್ನೂ ಕಂಡುಹಿಡಿದು ಬೈದಿದ್ದೆ.

ನಿನ್ನ ಮದುವೆಯಾದ ಮೇಲೆ ಮಾಮನಿಗೆ ಪದದ ಚರ್ಚೆಗೆ ಯಾರೂ ಇರಲಿಲ್ಲ. ಈ ವರ್ಷ ಆಷಾಢದಲ್ಲಿ ಒಂದು ದಿನ ಅಪ್ಪನನ್ನು ನೋಡಲು ಬಂದವರು ಜಗಲಿಯ ಮೇಲೆ ಕೂತು, "ಗಂಗವ್ವ, ಬರ್ಮಾದು ಹಳೇದಾಗೋಯ್ತು. ಹುಡುಗ್ರಿಗೆ ಬರ್ಮಾ ಎಲ್ಲೈತೆ ಅಂತ್ಲೇ ಗೊತ್ತಿಲ್ಲ. ನೀನು ಓದ್ದೋಳು, ಒಂದು ಹೊಸ ನುಡಿ ಕಟ್ಟಿಕೊಡವ್ವ" ಎಂದರು. ನಾನು ಮೂರು ದಿನ ಯೋಚಿಸಿ, ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಬಗ್ಗೆ ಒಂದು ನುಡಿ ಕಟ್ಟಿ ಮೆಲ್ಲಗೆ ಹೇಳಿದೆ. ಮಾಮ ತಲೆ ಆಡಿಸಿದರು. "ಚೆಂದಾಗೈತೆ. ಆದ್ರೆ ಅಳು ಬ್ಯಾಡ ಕಣವ್ವ, ನಗು ಕೊಡು. ಅಳೋದಕ್ಕೆ ಅವರವರ ಮನೆ ಐತೆ." ಆಗ ನನಗೆ ಯಾವ ಧೈರ್ಯ ಬಂತೋ, ಅಲ್ಲೇ ಕೂತಲ್ಲೇ ಇನ್ನೊಂದು ಬಂತು.

ಆ ಕಡೆ ಜನವು ದುವಾ ಮಾಡ್ತು,
ಈ ಕಡೆ ಜನವು ಕಾಯಿ ಒಡೀತು,
ಗದ್ದಲ ಕೇಳಿ ದೇವರು ಎದ್ದು
ಕಣ್ಣುಜ್ಜಿಕೊಂಡು ಕೇಳೇಬುಟ್ಟ:
ಗೆದ್ದೋರ್ಯಾರಣ್ಣ, ಗೆದ್ದೋರ್ಯಾರು?

ಮಾಮ ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕರು. "ದೇವ್ರೇ ಕೇಳ್ತಾನಾ! ಅದೂ ನಿದ್ದೆಗಣ್ಣಾಗೆ! ಇದನ್ನ ಕೊನೇಗೆ ಇಡ್ತೀನಿ ಕಣವ್ವ. ನಿನ್ ಹೆಸರು ಹೇಳ್ಲಾ?" ಬೇಡ, ಬೇಡವೇ ಬೇಡ ಎಂದೆ. ನನ್ನ ಸಾಲು ಒಂದು ಪೆಂಡಾಲು ತುಂಬ ಕೇಳಿಸುತ್ತದೆ, ನಾನು ಮಾಡಿದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ. ನನ್ನಂಥವಳಿಗೆ ಅದಕ್ಕಿಂತ ಸುಖ ಯಾವುದು? ಚೌತಿ ಬರಲಿ ಎಂದು ಚಿಕ್ಕ ಹುಡುಗಿಯ ಹಾಗೆ ಕಾದೆ.

ಚೌತಿ ಬಂತು, ಹಿಂದೆಯೇ ಯುದ್ಧವೂ ಬಂತು. ಪೇಟೆಯಲ್ಲಿ ಯಾರೂ ಯಾರಿಗೂ ಏನೂ ಅನ್ನಲಿಲ್ಲ, ಅದನ್ನು ಸತ್ಯವಾಗಿ ಹೇಳುತ್ತೇನೆ. ಆದರೆ ಹಬೀಬ್ ಸಾಹೇಬರ ಅಂಗಡಿಯ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದವರು ಆ ವಾರ ರಸ್ತೆ ದಾಟಿ ಎದುರು ಜಗಲಿಗೆ ಹೋದರು. ಬಿಸಿಲು ಜಾಸ್ತಿ ಎಂದರು. ಆ ವಾರ ಬಿಸಿಲೇ ಬಿದ್ದಿರಲಿಲ್ಲ. ಮಾಮ ಲಾರಿಯ ಹಣೆಯ ಮೇಲೆ ಹೊಸದಾಗಿ ಜೈ ಹಿಂದ್ ಬರೆಸಿದ್ದರು. ಇಷ್ಟು ವರ್ಷ ಈ ರಸ್ತೆಯಲ್ಲಿ ಕಾಫಿ ಮೂಟೆ ಹೊತ್ತ ಆ ಲಾರಿಗೆ ಅದು ಬೇಕಾಗಿರಲಿಲ್ಲ. ಬಣ್ಣ ಇನ್ನೂ ಹಸಿಯಿತ್ತು, ಜ ಅಕ್ಷರ ಸ್ವಲ್ಪ ಕೆಳಕ್ಕೆ ಇಳಿದಿತ್ತು.

ಸಂಗೀತೋತ್ಸವ ನಡೆಸುವುದೋ ಬಿಡುವುದೋ ಎಂದು ಸಮಿತಿಯವರು ಜಗಳವಾಡಿ, ಕೊನೆಗೆ ನಡೆಸುವುದೆಂದೂ, ಆದರೆ ರೇಡಿಯೋ ವಾರ್ತೆಯ ಹೊತ್ತಿಗೆ ಮುಗಿಸಬೇಕೆಂದೂ ತೀರ್ಮಾನಿಸಿದರು. ಮಾಮನ ಹೆಸರು ಕರಪತ್ರದಲ್ಲಿ ಆಗಲೇ ಅಚ್ಚಾಗಿತ್ತು. ಹಾಡಬೇಡಿ ಎಂದು ನಿನ್ನ ಅಮ್ಮಿ ಬೇಡಿಕೊಂಡರಂತೆ. "ಹಾಡ್ದೇ ಇದ್ರೆ ಯಾಕ್ ಹಾಡ್ನಿಲ್ಲ ಅಂತಾರೆ. ಹಾಡಿದ್ರೆ ಬರೀ ಹಾಡ್ದ ಅಂತಾರೆ. ಹಾಡೋದೇ ವಾಸಿ" ಎಂದು ದಪ್ಪನ್ನು ಒಲೆಯ ಬಳಿ ಕಾಯಿಸಿಕೊಂಡು ಹೊರಟರಂತೆ.

ನಾನು ವೇದಿಕೆಯ ಬದಿಯಲ್ಲಿ ಶ್ರುತಿಪೆಟ್ಟಿಗೆಯ ಹತ್ತಿರ ಕೂತಿದ್ದೆ. ಉಪ್ಪಿನಕಾಯಿಯ ನುಡಿಗೆ ಅಲ್ಲಲ್ಲಿ ನಗು ಬಂತು, ಬಂದ ನಗು ಪಕ್ಕದವರ ಮುಖ ನೋಡಿ ಹಿಂದಕ್ಕೆ ಹೋಯಿತು. ಪದಕದ ಬಿಲ್ಲೆಯ ನುಡಿಗೆ ಅದೂ ಇಲ್ಲ. ಮಾಮ ದಪ್ಪು ಎತ್ತಿ ಕೇಳಿದರು, "ಗೆದ್ದೋರ್ಯಾರಣ್ಣ, ಗೆದ್ದೋರ್ಯಾರು?"

ಯಾರೂ ಉತ್ತರ ಹೇಳಲಿಲ್ಲ.

ತಾಹಿರಾ, ನಾನು ಬಹಳ ಮೌನಗಳನ್ನು ನೋಡಿದವಳು, ನನ್ನದೇ ಎಷ್ಟೋ ಇವೆ. ಅಂಥದ್ದನ್ನು ನೋಡಿರಲಿಲ್ಲ. ಜನರ ಸಾಲು ಬರಬೇಕಾದ ಜಾಗದಲ್ಲಿ ದಪ್ಪು ಮಾತ್ರ ಕುಂಟುತ್ತ ಕಾಯುತ್ತಿತ್ತು, ಒಂದು ಪೆಟ್ಟು ಸರಿಯಾಗಿ, ಒಂದು ತಡವಾಗಿ. ಮಾಮ ನಗುಮುಖ ಹಾಗೆಯೇ ಇಟ್ಟುಕೊಂಡು ಮತ್ತೆ ಕೇಳಿದರು. ಹಿಂದುಗಡೆ ಯಾರೋ ಗಂಟಲು ಸರಿಮಾಡಿಕೊಂಡರು, ಏನೋ ಅನ್ನುವ ಹಾಗಿತ್ತು. ಪುಟ್ಟಸ್ವಾಮಣ್ಣ ತಿರುಗಿ ನನ್ನ ಕಡೆ ನೋಡಿ ಗಲ್ಲವನ್ನು ಚೂರೇ ಚೂರು ಮೇಲೆತ್ತಿದರು. ಮಂಗಳ.

ಮುಂದಿನ ನುಡಿ ಯಾವುದೆಂದು ಆ ಪೆಂಡಾಲಿನಲ್ಲಿ ಇಬ್ಬರಿಗೇ ಗೊತ್ತಿತ್ತು, ಮಾಮನಿಗೆ ಮತ್ತು ನನಗೆ. ದುವಾ, ಕಾಯಿ, ಕಣ್ಣುಜ್ಜುವ ದೇವರು. ಆಷಾಢದಲ್ಲಿ ನಗುವಾಗಿದ್ದದ್ದು ಭಾದ್ರಪದದಲ್ಲಿ ಅವರ ಬಾಯಿಂದ ಬಂದರೆ ಏನಾಗುತ್ತದೆಂದು ಒಂದೇ ಗಳಿಗೆಯಲ್ಲಿ ಕಂಡಿತು. ನಾನು ಎದ್ದು ನಿಂತು, ಆ ನುಡಿ ನನ್ನದು, ತಪ್ಪಾದರೆ ನನ್ನದು ಎನ್ನಬಹುದಿತ್ತು. ಉತ್ತರದ ಸಾಲನ್ನು ನಾನೊಬ್ಬಳೇ ಕೂಗಬಹುದಿತ್ತು. ರೈಟರ್ ಮಹಾದೇವಯ್ಯನ ಮಗಳು ಕೂಗಿದರೆ ಯಾರು ಏನನ್ನುತ್ತಿದ್ದರು? ನಾನು ಶ್ರುತಿ ಹಿಡಿದು ಮಂಗಳ ಎತ್ತಿಕೊಂಡೆ. ಅವರನ್ನು ಕಾಪಾಡಲೆಂದು ಎಂದು ಆಮೇಲೆ ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಬಾಯಿ ತೆರೆದ ಆ ಗಳಿಗೆಯಲ್ಲಿ ನಾನು ಹೆದರಿದ್ದು ಯಾತಕ್ಕೆ ಎಂದು ಕೇಳಿದರೆ, ನನ್ನ ಸಾಲು ನನ್ನದೆಂದು ಎಲ್ಲಿ ಗೊತ್ತಾಗಿಬಿಡುತ್ತದೋ ಎಂಬುದೇ ಮೊದಲು ಇತ್ತು.

ಎಲ್ಲರೂ ಒಂದೇ ಸಲಕ್ಕೆ ಎದ್ದರು. ಅಷ್ಟು ಜನ ಅಷ್ಟು ಜೋರಾಗಿ ಮಂಗಳ ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಂದು ಸಾಲಿನ ಉತ್ತರಕ್ಕೆ ತೆರೆಯದ ಬಾಯಿಗಳೆಲ್ಲ ತೆರೆದಿದ್ದವು. ಮಾಮ ದಪ್ಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಇಳಿದು ಹೋಗುತ್ತಾರೆಂದುಕೊಂಡೆ. ಅವರು ಹೋಗಲಿಲ್ಲ. ಕೈಮುಗಿದು ನಿಂತು, ಎರಡು ಬೆರಳಿಲ್ಲದ ಆ ಕೈಯನ್ನೂ ಸೇರಿಸಿ ಮುಗಿದು, ನನ್ನ ಜೊತೆಗೆ ಮಂಗಳ ಹಾಡಿದರು. ಪೂರ್ತಿ. ವರ್ಷವರ್ಷ ಕೇಳಿ ಅವರಿಗೆ ಅದರ ಒಂದಕ್ಷರವೂ ಬಿಡದೆ ಬಾಯಿಪಾಠವಾಗಿತ್ತು. ನಿಜವಾಗಿ ಹೇಳುತ್ತೇನೆ, ನಾನು ಒಂದು ಸಾಲು ಮರೆತೆ, ಅವರು ಮರೆಯಲಿಲ್ಲ.

ಇಳಿಯುವಾಗ ನನ್ನ ಹತ್ತಿರ ಬಂದು, "ಸುತಿ ಚೆಂದಾಗ್ ಹಿಡ್ದೆ ಕಣವ್ವ" ಎಂದರು. ಅದರಲ್ಲಿ ಕೊಂಕು ಇದ್ದಿದ್ದರೆ ಈ ಹೊತ್ತು ನನಗೆ ಎಷ್ಟೋ ಹಗುರವಾಗಿರುತ್ತಿತ್ತು.

ಎಲ್ಲರೂ ನನ್ನನ್ನು ಹೊಗಳಿದರು. ಪುಟ್ಟಸ್ವಾಮಣ್ಣ ಗಣಪತಿಯ ಮುಂದಿನ ತೆಂಗಿನಕಾಯಿ, ಹೂವಿನ ಹಾರ ತಂದು ಕೈಗಿಟ್ಟು, "ಮಾನ ಉಳಿಸ್ದೆ ಕಣಮ್ಮ. ಅವನ ಒಳ್ಳೇದಕ್ಕೇ ಮಾಡಿದ್ದು, ತಿಳ್ಕೋ" ಎಂದರು. ಅಪ್ಪ ಆ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದರು. ನಾನು ಓದಿ ಬಂದದ್ದಕ್ಕೆ ಸಿಕ್ಕ ಮೊದಲ ಮರ್ಯಾದೆ ಅವರಿಗೆ ಅದು. ಮನೆಗೆ ಬಂದು ಅದರಲ್ಲಿ ಚಟ್ನಿ ಅರೆದೆವು. ತಿಂದೆ ತಾಹಿರಾ. ರುಚಿಯಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಮಾದಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹಿತ್ತಲ ಬೇಲಿಯ ಹತ್ತಿರ ನಿಂತಳು. ಅವಳ ಮಗ ಮಿಲಿಟರಿ ಸೇರಿರುವುದು ನಿನಗೆ ಗೊತ್ತಲ್ಲ. ಆಗ ಅವನು ಮುಂಚೂಣಿಯಲ್ಲಿದ್ದ. ಅವಳ ಎದುರಿನಲ್ಲಿ ಆ ಪದ ಹಾಡಬಾರದಿತ್ತು, ನಿಲ್ಲಿಸಿದ್ದೇ ಒಳ್ಳೆಯದಾಯಿತು ಎಂದು ಪೆಂಡಾಲಿನಿಂದ ಬರುವಾಗ ಹೆಂಗಸರೆಲ್ಲ ಮಾತಾಡಿಕೊಂಡಿದ್ದರು. ನನಗೂ ಅದೊಂದು ಆಸರೆಯಾಗಿತ್ತು. ಮಾದಮ್ಮ ಬೇಲಿಯ ಮೇಲೆ ಕೈಯಿಟ್ಟು ಕೇಳಿದಳು: "ನೀನ್ಯಾಕವ್ವ ಅಷ್ಟೊತ್ಗೇ ಮಂಗಳ ಹಾಡ್ಬುಟ್ಟೆ? ನನ್ ಮಗಂದು ಕಾಗ್ದ ಇಲ್ಲ, ಸುದ್ದಿ ಇಲ್ಲ. ಎಲ್ರೂ ನನ್ ಮಕ ನೋಡಿ ಲೊಚಲೊಚ ಅಂತಾರೆ. ಸಾಬ್ರು ಪದ ಕೇಳಿ ವಸಿ ನಗಾನ ಅಂತ ಎರಡು ಮೈಲಿ ನಡ್ಕಂಡ್ ಬಂದಿದ್ದೆ."

"ನೀನ್ಯಾಕೆ ಮತ್ತೆ ಉತ್ತರ ಕೂಗಲಿಲ್ಲ ಮಾದಮ್ಮ?" ಎಂದೆ. ಕೇಳಿದೊಡನೆ ನಾಲಿಗೆ ಕಚ್ಚಿಕೊಂಡೆ.

"ಓದಿರೋ ಜನವೇ ಸುಮ್ಕೆ ಕುಂತಿದ್ರಿ. ನಾನೊಬ್ಳು ಎಂಗವ್ವ ಕೂಗ್ಲಿ?" ಎಂದಳು. ಬೈಗುಳವಲ್ಲ, ನಿಜವಾಗಿಯೇ ಕೇಳಿದಳು. ಮಗನ ಕಾಗದ ಆಮೇಲೆ ಬಂತು, ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೆ ಏನಿಲ್ಲ. ಕಾಗದ ಓದಿ ಹೇಳಿದವಳು ನಾನೇ. ಓದುವಾಗ ಅವಳ ಮುಖ ನೋಡಲಿಲ್ಲ.

ಯುದ್ಧ ನಿಂತಿತು. ದಸರೆ ಕಳೆಯಿತು. ಎದುರು ಜಗಲಿಗೆ ಹೋದವರು ಹಬೀಬ್ ಸಾಹೇಬರ ಜಗಲಿಗೆ ವಾಪಸು ಬಂದು, ಏನೂ ಆಗದವರ ಹಾಗೆ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದಾರೆ. ಎಲ್ಲ ಮೊದಲಿನಂತಾಯಿತು ಎಂದು ನನಗೂ ಅನ್ನಿಸತೊಡಗಿತ್ತು. ಆಗ ಒಂದು ಬೆಳಿಗ್ಗೆ ಪುಟ್ಟಸ್ವಾಮಣ್ಣ ಜೀಪಿನಲ್ಲಿ ಮನೆಗೆ ಬಂದರು. ರಾಜ್ಯೋತ್ಸವದ ದಿನ ಆಲೂರಿನಲ್ಲಿ ದೊಡ್ಡ ಸಂಗೀತೋತ್ಸವ, ಹಣವೆಲ್ಲ ರಕ್ಷಣಾ ನಿಧಿಗೆ. ಪಾಳ್ಯ, ಕೆ. ಹೊಸಕೋಟೆ ಕಡೆಯಿಂದೆಲ್ಲ ಜನ ಬರುತ್ತಾರೆ. ನಾನು ಮಂಗಳ ಹಾಡಬೇಕು. ಇಸ್ಮಾಯಿಲ್ ಸಾಬರೂ ಹಾಡಬೇಕು. "ಆದ್ರೆ ಆ ಬೂಟು ಗೀಟು ಬ್ಯಾಡ. ಶತ್ರುನ ಬೈಯೋ ಹಂಗೆ, ಚೆನ್ನಾಗ್ ಉಗಿಯೋ ಹಂಗೆ ಒಂದು ಪದ ನೀನೇ ಬರ್ಕೊಡಮ್ಮ. ಅದೇ ಮಟ್ಟು, ಅದೇ ದಪ್ಪು. ಅವನು ಅದನ್ನ ಹಾಡ್ಬುಟ್ರೆ ಎಲ್ರ ಬಾಯೂ ಮುಚ್ಚುತ್ತೆ. ಅವನ ಒಳ್ಳೇದಕ್ಕೇ ಹೇಳ್ತಿದೀನಿ."

ಪುಟ್ಟಸ್ವಾಮಣ್ಣ ಕೆಟ್ಟವರಲ್ಲ. ಅದೇ ಕಷ್ಟ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನನ್ನ ಮೌನವನ್ನೇ ಒಪ್ಪಿಗೆ ಎಂದುಕೊಂಡು ಹೋದರು. ನನ್ನ ಮೌನವನ್ನು ಎಲ್ಲರೂ ಯಾವಾಗಲೂ ಹಾಗೆಯೇ ತಿಳಿದಿದ್ದಾರೆ.

ಮಾಮನಿಗೆ ಹೇಳಬೇಕಲ್ಲ ಎಂದು ನಿಮ್ಮ ಮನೆಗೆ ಹೋದೆ. ಪೆಂಡಾಲಿನ ಆ ದಿನದಿಂದ ಹೋಗಿರಲಿಲ್ಲ. ಮಾಮ ಲಾರಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳಿಗೆ ಎಲ್ಲ ಹೇಳಿದೆ. ಸ್ಪ್ಯಾನರ್ ನಿಲ್ಲಲಿಲ್ಲ. "ಬರ್ಕೊಡವ್ವ" ಎಂದರು ಒಳಗಿನಿಂದ. "ಹಾಡ್ತೀನಿ. ಬಾಡಿಗೆ ಲಾರಿ ನಾನು. ಯಾರ ಮೂಟೆ ಆದ್ರೇನು, ಹಾಕಿದ್ರೆ ಹೊರ್ತೀನಿ."

ನಿನ್ನ ಅಬ್ಬಾನ ಬಾಯಲ್ಲಿ ಅಂಥ ಮಾತನ್ನು ಕೇಳಿದ್ದೀಯಾ ತಾಹಿರಾ? ಕರ್ನಲ್‌ನ ಉಪ್ಪಿನಕಾಯಿಯನ್ನು ಬಿಡದವರು. ದೇವರನ್ನೇ ನಿದ್ದೆಯಿಂದ ಎಬ್ಬಿಸಿ ನಕ್ಕವರು. ಒಳಗೆ ಹೋದರೆ ಗೋಡೆಯ ಮೊಳೆಯಲ್ಲಿ ದಪ್ಪು ತೂಗುತ್ತಿತ್ತು. ಚರ್ಮ ಸಡಿಲವಾಗಿ, ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಮಳೆಗಾಲದಲ್ಲಿ ಅದನ್ನು ದಿನಾ ಒಲೆಯ ಬಳಿ ಇಡದಿದ್ದರೆ ನಿನ್ನ ಅಬ್ಬಾಗೆ ಊಟ ಸೇರುತ್ತಿರಲಿಲ್ಲ. ಅಮ್ಮಿ ನನ್ನ ಕಣ್ಣು ಹೋದ ಕಡೆ ನೋಡಿ, "ಆವತ್ತು ತಂದು ನೇತಾಕಿದ್ದು. ಮತ್ತೆ ಮುಟ್ಟಿಲ್ಲಮ್ಮ. ನಾನು ಇಳಿಸಿದ್ರೆ ಬೈತಾರೆ" ಎಂದರು. ನಿನಗೆ ಬರೆಯಬೇಡ ಎಂದೂ ಹೇಳಿದರು. ಅವರ ಮಾತು ಮೀರಿದ್ದೇನೆ.

ಆ ಪದವನ್ನು ಬರೆಯಲು ಕೂತೆ ಎಂಬುದನ್ನೂ ನಿನಗೆ ಮುಚ್ಚಿಡುವುದಿಲ್ಲ. ಎರಡು ಸಾಲು ಬಂದವು ಕೂಡ. ಬೈಗುಳಕ್ಕೆ ಪ್ರಾಸ ಬಹಳ ಸುಲಭವಾಗಿ ಸಿಗುತ್ತದೆ. ಅದನ್ನು ಮಾಮನ ಮಟ್ಟಿನಲ್ಲಿ ಮೆಲ್ಲಗೆ ಹೇಳಿ ನೋಡಿದೆ. ಪೆಟ್ಟು ಕುಂಟಲಿಲ್ಲ. ಕವಾಯತಿನ ಹಾಗೆ ನೆಟ್ಟಗೆ ನಡೆಯಿತು. ಹಾಳೆಯನ್ನು ಒಲೆಗೆ ಹಾಕಿ, ಸೆರಗು ಸರಿಮಾಡಿಕೊಂಡು, ಪೇಟೆಗೆ ನಡೆದೆ.

ಪುಟ್ಟಸ್ವಾಮಣ್ಣ ಸ್ಟೋರಿನ ಮುಂದೆ ಕಾಫಿ ಬೀಜ ತೂಗಿಸುತ್ತಿದ್ದರು. ಅಷ್ಟು ಗಂಡಸರ ನಡುವೆ ನಿಂತು ನಾನು ಹೇಳಿದ್ದು ಇಷ್ಟೆ: "ಆ ಪದ ನಾನು ಬರೆಯುವುದಿಲ್ಲ. ಪೆಂಡಾಲಿನಲ್ಲಿ ಮುಂದೆ ಬರಬೇಕಿದ್ದು ನಿಂತುಹೋದದ್ದು ನಾನು ಕಟ್ಟಿದ ನುಡಿ. ಮಾಮ ತಮ್ಮ ಪದ ಪೂರ್ತಿ ಹಾಡುವುದಾದರೆ ಹಾಡಲಿ, ಇಲ್ಲದಿದ್ದರೆ ಬೇಡ. ಆಲೂರಿನಲ್ಲಿ ನಾನು ಮಂಗಳ ಹಾಡುವುದಿಲ್ಲ." ಮಾತು ಮುಗಿಯುವ ಹೊತ್ತಿಗೆ ಪಿಸುಮಾತಾಗಿತ್ತು. ಅವರು ತಕ್ಕಡಿ ಬಿಟ್ಟು ನನ್ನನ್ನೇ ನೋಡಿದರು. ಬೈಯುತ್ತಾರೆಂದು ಕಾದೆ. "ಅಯ್ಯೋ ಮಾರಾಯ್ತಿ," ಎಂದರು, "ಹಂಗಾದ್ರೆ ಮಂಗಳ ಹಾಡೋರ್ಯಾರು?" ಅವರಿಗೆ ಮೊದಲು ತೋಚಿದ್ದು ಅದು. ಮತ್ತೆ ತಕ್ಕಡಿಗೆ ಕೈ ಹಾಕುತ್ತ, "ಹಾಡ್ಲಿ ಬುಡು. ಆದ್ರೆ ಜನ ಏನಾರ ಅಂದ್ರೆ ನನ್ ಮೇಲೆ ತರ್ಬ್ಯಾಡಿ" ಎಂದರು. ಅಪ್ಪನಿಗೆ ಆ ಸಂಜೆಯೊಳಗೆ ಸುದ್ದಿ ಮುಟ್ಟಿತ್ತು. ಅವರು ಈ ಹೊತ್ತಿಗೂ ನನ್ನೊಡನೆ ಮಾತಾಡಿಲ್ಲ.

ಅಲ್ಲಿಂದ ನೇರವಾಗಿ ನಿಮ್ಮ ಮನೆಗೆ ಹೋದೆ. ಮಾಮ ಚಾಪೆಯ ಮೇಲೆ ಕೂತು ಚಾ ಕುಡಿಯುತ್ತಿದ್ದರು. ಮೊಳೆಯಿಂದ ದಪ್ಪು ಇಳಿಸಿ, ಸೆರಗಿನಿಂದ ಬೂಷ್ಟು ಒರೆಸಿ, ಒಲೆಯ ಪಕ್ಕ ನಿಲ್ಲಿಸಿದೆ. ಅಮ್ಮಿ ಅನ್ನದ ಪಾತ್ರೆಯನ್ನು ಅತ್ತ ಸರಿಸಿ ಜಾಗ ಮಾಡಿಕೊಟ್ಟರು. ಮಾಮ ಬೈಯಲಿಲ್ಲ. ಲೋಟ ಖಾಲಿಯಾಗುವವರೆಗೆ ನೋಡುತ್ತಿದ್ದು, ಕೂತಲ್ಲಿಂದಲೇ ಕೈ ಚಾಚಿ, ಉಗುರಿನಿಂದ ಒಂದು ಸಲ ಚರ್ಮ ತಟ್ಟಿದರು. ಸತ್ತ ಸದ್ದು ಬಂತು. "ಇನ್ನೂ ಹಸಿ ಐತೆ" ಎಂದರು. ನಾನು ತಲೆ ತಗ್ಗಿಸಿ ಹೊರಡುವಾಗ ಹಿಂದಿನಿಂದ ಹೇಳಿದರು: "ಒಂದೇ ಮಗ್ಗುಲಿಗೆ ಇಡಬ್ಯಾಡ ಕಣವ್ವ. ತಿರುಗ್ಸು. ಚರ್ಮ ಸುಟ್ಟೋದಾತು."

ತಿರುಗಿಸಿ ಬಂದೆ.

ಅವರು ಹಾಡುತ್ತೇನೆ ಎನ್ನಲಿಲ್ಲ. ಹಾಡಿದರೂ ಆಲೂರಿನ ಜನ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಅಮ್ಮಿ ದಿನಾ ದಪ್ಪನ್ನು ಒಲೆಯ ಬಳಿ ಇಡುತ್ತಿದ್ದಾರೆ, ನಿನ್ನ ಅಬ್ಬಾ ಈಗ ಬೈಯುತ್ತಿಲ್ಲ ಎಂಬುದಷ್ಟು ಗೊತ್ತು. ಮಾದಮ್ಮ ಬರುತ್ತೇನೆಂದಿದ್ದಾಳೆ. ನಾನು ಈ ಸಲ ವೇದಿಕೆಯ ಬದಿಯಲ್ಲಿ ಕೂರುವುದಿಲ್ಲ, ಕೆಳಗೆ ಹೆಂಗಸರ ಚಾಪೆಯಲ್ಲಿ ಕೂರುತ್ತೇನೆ. ಅವರು ದಪ್ಪು ಎತ್ತಿ ಕೇಳಿದಾಗ ಉತ್ತರ ಕೂಗಬೇಕು. ಯಾರೂ ಕೂಗದಿದ್ದರೂ ಕೂಗಬೇಕು. ಪುಟ್ಟಸ್ವಾಮಣ್ಣನ ಸ್ಟೋರಿನ ಮುಂದೆ ಮಾತಾಡಿದವಳಿಗೆ ಇದೇನು ದೊಡ್ಡದು ಎಂದು ನೀನು ಕೇಳಬಹುದು. ಅಲ್ಲಿ ಮಾತಾಡಿದ್ದು ಕೋಪ. ಇಲ್ಲಿ ನಗಬೇಕು, ನಗುತ್ತ ಕೂಗಬೇಕು, ಅದೂ ಆ ಮೌನದ ನಡುವೆ. ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಅದು ಸರಿಯಾದ ಹೊತ್ತಿಗೆ ಮುಚ್ಚಿಕೊಂಡು, ತಪ್ಪು ಹೊತ್ತಿಗೆ ಇಂಪಾಗಿ ತೆರೆದುಕೊಂಡ ಬಾಯಿ.

ಅದಕ್ಕೆ ಕರೆಯುತ್ತಿದ್ದೇನೆ. ಮಗುವನ್ನು ಎತ್ತಿಕೊಂಡು ರಾಜ್ಯೋತ್ಸವದ ಮುನ್ನಾದಿನ ಬಂದುಬಿಡು. ನಿನ್ನ ಅತ್ತೆ ಒಪ್ಪದಿದ್ದರೆ ಅಮ್ಮಿಗೆ ಮೈ ಸರಿಯಿಲ್ಲ ಎನ್ನು, ಆ ಸುಳ್ಳಿನ ಪಾಪ ನನಗಿರಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ನಿನ್ನ ಅಬ್ಬಾ ಆವತ್ತೇ ಕೈಮುಗಿದು ನಿಂತು ಕೊಟ್ಟುಬಿಟ್ಟರು, ಅದನ್ನು ತಾಳಲಾರದೆ ಇಷ್ಟು ದಿನ ಒದ್ದಾಡಿದ್ದೇನೆ. ಚಾಪೆಯಲ್ಲಿ ನನ್ನ ಪಕ್ಕ ಜಾಗ ಹಿಡಿದಿಟ್ಟಿರುತ್ತೇನೆ, ಹಳೆಯ ಹಾಗೆ, ನಿನ್ನ ಎಡಕ್ಕೆ ನಾನು. ಮಾಮ "ಗೆದ್ದೋರ್ಯಾರು" ಎಂದಾಗ ನಾನು ಮತ್ತೆ ಬರೀ ತುಟಿ ಆಡಿಸುತ್ತ ಕೂತಿದ್ದರೆ, ಕನಿಕರ ತೋರಿಸಬೇಡ ತಾಹಿರಾ. ಗಟ್ಟಿಯಾಗಿ ಚಿವುಟು.

ನಿನ್ನ ಮಗುವಿಗೆ ನಗು ಯಾವಾಗಲೂ ಬಾಯಿ ತುಂಬ ಬರಲಿ, ಅದನ್ನು ನುಂಗುವ ದಿನ ಅದಕ್ಕೆ ಬಾರದಿರಲಿ.

ನಿನ್ನ ದಾರಿ ಕಾಯುತ್ತಿರುವ,
ಗಂಗಾಮಣಿ